ಹೈಸ್ಕೂಲಿನಲ್ಲಿ ಸಾಹಿತ್ಯದ ಪಾಠ ಕಡ್ಡಾಯ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಧೋಳದ ಕಡೆ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. 20 ವರ್ಷ ದಾಟಿತು. ಪಾಲಕರ ಸಭೆ, ಬಸ್ ಸ್ಟ್ಯಾಂಡ್, ಮದುವೆ ಊಟದ ಪಂಕ್ತಿ, ಎಲ್ಲಿ ಸಿಕ್ಕರೂ ಜನ ಈ ವಿಷಯ ತೆಗೆಯುತ್ತಾರೆ. ಹಳೆಯ ವಿದ್ಯಾರ್ಥಿಗಳು ಬೆಳಗಾವಿಯಿಂದ, ವಿಜಯಪುರದಿಂದ ಬರೆದು ಕೇಳುತ್ತಾರೆ. ಕೇಳಿದವರ ಮಾತನ್ನು ಕೇಳಿದ ಹಾಗೇ ಇಟ್ಟಿದ್ದೇನೆ. ಉತ್ತರ ಮಾತ್ರ ನನ್ನದು. ಸುಲಭದವು ಮೊದಲು, ಬೆವರಿಳಿಸುವಂಥವು ಆಮೇಲೆ.

## ಮೊದಲಿಗೆ ಕೇಳುವಂಥವು

ಸಾಹಿತ್ಯ ಅಂತ ಬ್ಯಾರೆ ಪಿರಿಯಡ್ ಎಲ್ಲೈತ್ರಿ? ಕನ್ನಡ ಪಿರಿಯಡ್ ಐತಿ, ಅಷ್ಟ ಅಲ್ಲ?

ಹೌದು, ಬೇರೆ ಪಿರಿಯಡ್ ಇಲ್ಲ. ನಮ್ಮಲ್ಲಿ ಸಾಹಿತ್ಯ ಭಾಷೆಯ ಹೊಟ್ಟೆಯೊಳಗೇ ಬರುತ್ತದೆ. ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡದ ಪುಸ್ತಕ 'ಸಿರಿ ಕನ್ನಡ' ತೆಗೆದು ನೋಡಿ. ಗದ್ಯ, ಪದ್ಯ, ಪಠ್ಯಪೂರಕ ಅಧ್ಯಯನ, ನಡುನಡುವೆ ವ್ಯಾಕರಣ. ಕತೆ, ಪ್ರವಾಸದ ಬರಹ, ವಚನ, ಹಳಗನ್ನಡ, ನಡುಗನ್ನಡ, ಹೊಸ ಕವನ ಎಲ್ಲ ಅದರಲ್ಲೇ ಇವೆ. ಪ್ರಥಮ ಭಾಷೆಗೆ 125 ಅಂಕ. 100 ಬರೆಯುವ ಪರೀಕ್ಷೆಗೆ, 25 ಆಂತರಿಕಕ್ಕೆ. ದ್ವಿತೀಯ ಭಾಷೆಯಾಗಿ ಕನ್ನಡ ತೆಗೆದುಕೊಂಡವರಿಗೆ 'ತಿಳಿ ಕನ್ನಡ' ಅಂತ ಬೇರೆ ಪುಸ್ತಕ.

ಅದಕ್ಕೇ 'ಸಾಹಿತ್ಯ ಬೇಡ, ಬರೀ ಭಾಷೆ ಕಲಿಸಿ' ಅಂದರೆ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ. ಉಳಿಯುವುದು ರಜೆ ಅರ್ಜಿ, ಸಂಧಿ, ಸಮಾಸ.

ಈಗ ಇದು ಕಡ್ಡಾಯ ಐತೋ ಇಲ್ಲೋ? ಒಬ್ಬೊಬ್ಬರು ಒಂದೊಂದು ಹೇಳ್ತಾರ.

ಕಡ್ಡಾಯ ಇದೆ, ಆದರೆ ಕಿಂಡಿಗಳೂ ಇವೆ. ಎಸ್ಸೆಸ್ಸೆಲ್ಸಿಯಲ್ಲಿ ಭಾಷೆಗಳನ್ನು ಓದಲೇಬೇಕು. ಪ್ರಥಮ ಭಾಷೆ ಕನ್ನಡವೇ ಆಗಬೇಕು ಅಂತಿಲ್ಲ. ಮರಾಠಿ, ಉರ್ದು, ಸಂಸ್ಕೃತ, ಇಂಗ್ಲಿಷ್ ಕೂಡ ಇರಬಹುದು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಬಂದ ಮೇಲೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು ಅಂತಾಯಿತು. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ವಿಷಯ. ಸೈನ್ಸ್ ಇರಲಿ, ಕಾಮರ್ಸ್ ಇರಲಿ, ಎರಡು ಭಾಷೆ ತಪ್ಪುವುದಿಲ್ಲ.

ಅಂದರೆ ಯಾವುದೋ ಒಂದು ಭಾಷೆಯ ಸಾಹಿತ್ಯ 12ನೇ ತರಗತಿವರೆಗೆ ಎಲ್ಲರ ಪಾಲಿಗೂ ಬರುತ್ತದೆ, ಕಾಗದದ ಮೇಲೆ.

ನೀವು ಕನ್ನಡ ಮಾಸ್ತರ. ಬೇಕು ಅಂತನ ಹೇಳ್ತೀರಿ, ಅಲ್ವಾ?

ಹೌದು, ಬೇಕು ಅಂತಲೇ ಹೇಳುತ್ತೇನೆ. ನನ್ನ ಸಂಬಳ ಅದರಿಂದಲೇ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈಗ ನಡೆದಿರುವ ರೀತಿಯಲ್ಲಿ ಬೇಡ. ಪಾಠಕ್ಕೆ ಎಲ್ಲರೂ ಕೂರಲಿ. ಪರೀಕ್ಷೆ ಮಾತ್ರ ಬದಲಾಗಬೇಕು. ಈಗಿನ ಪರೀಕ್ಷೆ ಪಾಠ ಓದದವನಿಗೂ 90 ಅಂಕ ಕೊಡುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ, ಅದರಲ್ಲಿ ನನ್ನ ಪಾಲೂ ಇದೆ.

## ಮನೆ ಮಂದಿ ಕೇಳುವಂಥವು

ನಮ್ಮ ಹುಡುಗ ಸೈನ್ಸ್ ತಗೋತಾನ್ರಿ. ರನ್ನನ ಪದ್ಯ ಓದಿ ಅವಾ ಏನ್ ಮಾಡ್ಬೇಕು?

ಇದು ಅತಿ ಜಾಸ್ತಿ ಬರುವ ಪ್ರಶ್ನೆ. ಕೇಳುವವರು ಬಹುತೇಕ ಅಪ್ಪಂದಿರು. ಅವ್ವಂದಿರು ಕೇಳಿದ್ದು ಕಡಿಮೆ.

ರನ್ನ ಇದೇ ಮುಧೋಳದವನು. ಬಳೆ ಮಾರುವ ಮನೆತನ. ಸಾವಿರ ವರ್ಷದ ಹಿಂದೆ ಇಲ್ಲಿಂದ ಹೊರಟು ಚಾಲುಕ್ಯರ ಆಸ್ಥಾನದವರೆಗೆ ಹೋದ. ಅವನ ಗದಾಯುದ್ಧದ ಒಂದು ಭಾಗ ಹತ್ತನೆಯ ಪುಸ್ತಕದಲ್ಲಿ 'ಛಲಮನೆ ಮೆಱೆವೆಂ' ಅಂತ ಬಂದಿದೆ. ಯುದ್ಧ ಸೋತು ನಿಂತ ದುರ್ಯೋಧನನಿಗೆ ಭೀಷ್ಮ ಹೇಳುತ್ತಾನೆ, ಇನ್ನಾದರೂ ಪಾಂಡವರ ಜೊತೆ ಸಂಧಿ ಮಾಡಿಕೋ ಅಂತ. ಅದಕ್ಕೆ ದುರ್ಯೋಧನನ ಉತ್ತರ: 'ನೆಲಕಿಱಿವೆನೆಂದು ಬಗೆದಿರೆ, ಛಲಕಿಱಿವೆಂ.' ನಾನು ನೆಲಕ್ಕಾಗಿ ಕಾದಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ ಕಾದಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ 'ಪಾೞ್ನೆಲ'.

ಒಂದು ವರ್ಷ ಈ ಪದ್ಯ ಹೇಳುತ್ತಿದ್ದೆ. ಮಧ್ಯಾಹ್ನದ ಊಟದ ನಂತರದ ಪಿರಿಯಡ್. ಅರ್ಧ ಕ್ಲಾಸು ತೂಕಡಿಸುತ್ತಿತ್ತು. 'ಪಾೞ್ನೆಲ' ಅಂದರೆ ಏನು ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ, ವರ್ಷವಿಡೀ ಬಾಯಿ ತೆರೆಯದವನು, ಕೂತಲ್ಲಿಂದಲೇ 'ಹಾಳ ನೆಲ ಸರ' ಅಂದ. ಸ್ವಲ್ಪ ತಡೆದು, 'ನಮ್ದೂ ಹಾಳ ಬಿದ್ದೈತಿ' ಅಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ಅವನ ಅಪ್ಪನಿಗೂ ಕಾಕಾನಿಗೂ ಬದುವಿನ ಜಗಳ. ಕೋರ್ಟಿನಲ್ಲಿ ಕೇಸು. ಇಬ್ಬರೂ ಬಿತ್ತುವ ಹಾಗಿಲ್ಲ, ಹೊಲದ ತುಂಬ ಜಾಲಿ ಎದ್ದಿದೆ. ಸುತ್ತಲಿನವರೆಲ್ಲ ಕಬ್ಬು ಕಳಿಸಿ ಬಿಲ್ಲು ಎಣಿಸುತ್ತಿದ್ದರೆ ಇವರು ತಾರೀಖು ಎಣಿಸುತ್ತಾರೆ. ಹುಡುಗ ಅವತ್ತು ಹೇಳಿದ ಮಾತು ನನಗೆ ಹಾಗೇ ನೆನಪಿದೆ: 'ಕಾಕಾಗ ಹೊಲ ಬೇಕಾಗಿಲ್ರಿ ಸರ. ನಮ್ಮಪ್ಪ ಒಮ್ಮೆ ಕೈ ಮುಗೀಬೇಕು, ಅಷ್ಟ.'

ರನ್ನ ಆ ಪದ್ಯದಲ್ಲಿ ಇಟ್ಟಿರುವುದೂ ಅದನ್ನೇ. ಗೈಡಿನಲ್ಲಿ ಈ ಅರ್ಥ ಬರೆದಿಲ್ಲ. ಆ ಪದ್ಯದಿಂದ ಮನೆಯ ಜಗಳ ಮುಗಿಯಿತಾ ಅಂತ ಕೇಳಬೇಡಿ. ಮುಗಿದಿಲ್ಲ. ಆದರೆ ಆ ಹುಡುಗ ತನ್ನ ಮನೆಯ ಜಗಳವನ್ನು ಒಮ್ಮೆ ದೂರ ನಿಂತು ನೋಡಿದ. ನಿಮ್ಮ ಮಗ ಡಾಕ್ಟರ್ ಆದರೂ ಮನೆ, ಹೊಲ, ಅಣ್ಣ, ತಮ್ಮ ಇದ್ದೇ ಇರುತ್ತಾರಲ್ಲ?

ಹಳಗನ್ನಡ ನಮಗ ತಿಳಿಯೂದಿಲ್ಲ, ಮಕ್ಕಳಿಗೂ ತಿಳಿಯೂದಿಲ್ಲ. ಅದನ್ನಾದ್ರೂ ತೆಗೀಬಾರ್ದೇನ್ರಿ?

ಕಡಿಮೆ ಮಾಡಬಹುದು. ಪೂರಾ ತೆಗೆಯುವುದು ಬೇಡ. ಮೇಲಿನ ಹುಡುಗನ ಉದಾಹರಣೆಯನ್ನೇ ನೋಡಿ. 'ಪ' ಇದ್ದಲ್ಲಿ 'ಹ' ಹಾಕಿ ಓದಿದರೆ ಅರ್ಧ ಹಳಗನ್ನಡ ಬಾಗಿಲು ತೆರೆಯುತ್ತದೆ. ಪಾಲು ಹಾಲಾಗುತ್ತದೆ, ಪುಲಿ ಹುಲಿಯಾಗುತ್ತದೆ, ಪೊಲ ಹೊಲವಾಗುತ್ತದೆ. 'ಇಱಿ' ಅನ್ನುವ ಮಾತು ನಮ್ಮ ಕಡೆ ಇನ್ನೂ ಬದುಕಿದೆ. 'ಎತ್ತು ಇರೀತೈತಿ, ಸರೀ' ಅನ್ನುತ್ತೇವಲ್ಲ, ಅದೇ ಇಱಿ.

ತೊಂದರೆ ಇರುವುದು ಕಲಿಸುವ ಕ್ರಮದಲ್ಲಿ. ಮೊದಲು ಪದಗಳ ಅರ್ಥ, ಆಮೇಲೆ ಸಾರಾಂಶ, ಆಮೇಲೆ ಪ್ರಶ್ನೋತ್ತರ. ಪದ್ಯವನ್ನು ಜೋರಾಗಿ ಒಮ್ಮೆಯೂ ಓದುವುದಿಲ್ಲ. ಹಳಗನ್ನಡ ಕಿವಿಗೆ ಬೀಳದೆ ಕಣ್ಣಿಗಷ್ಟೇ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಸಂಸ್ಕೃತ ಹಾಕಿಸಿದ್ರ 125ಕ್ಕ 125 ಬರ್ತಾವಂತ. ಹಾಕಿಸ್ಲೋ ಬ್ಯಾಡೋ?

ಬರುತ್ತವೆ, ಅದು ಸುಳ್ಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತದ ಪ್ರಶ್ನೆಗಳಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರೆಯಬಹುದು. ಸಂಸ್ಕೃತದಲ್ಲಿ ಒಂದು ವಾಕ್ಯ ಸ್ವಂತವಾಗಿ ಕಟ್ಟಲು ಬರದವನೂ ಪೂರ್ತಿ ಅಂಕ ತೆಗೆಯಬಹುದು. ಒಟ್ಟು 625ರಲ್ಲಿ ಹತ್ತಿಪ್ಪತ್ತು ಅಂಕ ಹೆಚ್ಚು ಬಂದರೆ ಯಾರಿಗೆ ಬೇಡ?

ಸಂಸ್ಕೃತವನ್ನು ಇಷ್ಟಪಟ್ಟು ಕಲಿಯುವ ಮಗುವಾದರೆ ಖುಷಿಯಿಂದ ಹಾಕಿಸಿ. ಕಾಳಿದಾಸನೂ ಸಾಹಿತ್ಯವೇ. ಬರೀ ಅಂಕಕ್ಕೆ ಅಂದರೆ ಬೇಡ ಅನ್ನುತ್ತೇನೆ. ಆ ಮಗು ಹೈಸ್ಕೂಲಿನ ಮೂರು ವರ್ಷ ಯಾವ ಭಾಷೆಯಲ್ಲೂ ಒಂದು ಗಟ್ಟಿ ಪುಟ ಬರೆಯುವುದಿಲ್ಲ. ಪ್ರಥಮ ಭಾಷೆಯಲ್ಲಿ ಬಾಯಿಪಾಠ, ಕನ್ನಡ ದ್ವಿತೀಯವೋ ತೃತೀಯವೋ ಆಗಿ ಸುಲಭದ ಪುಸ್ತಕ. ಮುಂದೆ ಕೆಎಎಸ್ ಬರೆಯುವೆನೆಂದು ಕೂತಾಗ ಮುಖ್ಯ ಪರೀಕ್ಷೆಯಲ್ಲಿ 150 ಅಂಕದ ಕಡ್ಡಾಯ ಕನ್ನಡ ಪತ್ರಿಕೆ ಎದುರಾಗುತ್ತದೆ. ಅದರ ಅಂಕ ರ‍್ಯಾಂಕಿಗೆ ಹಿಡಿಯುವುದಿಲ್ಲ, ಆದರೆ ಪಾಸಾಗದಿದ್ದರೆ ಉಳಿದ ಪತ್ರಿಕೆಗಳಿಗೆ ಬೆಲೆಯಿಲ್ಲ. ಅಂಥ ಇಬ್ಬರು ನನ್ನ ಹತ್ತಿರ ಪ್ರಬಂಧ ಬರೆಯಲು ಕಲಿಸಿ ಅಂತ ಬಂದಿದ್ದರು. 26 ವರ್ಷದವರಿಗೆ ಪ್ರಬಂಧ ಕಲಿಸುವುದು 14 ವರ್ಷದವರಿಗೆ ಕಲಿಸಿದಷ್ಟು ಸುಲಭವಲ್ಲ.

ಕತಿ ಮೊಬೈಲ್‌ನ್ಯಾಗ ಸಿಗ್ತಾವಲ್ಲ, ಅದಕ್ಕ ಸಾಲಿ ಯಾಕ ಬೇಕು?

ಮೊಬೈಲಿನಲ್ಲಿ ಅಡಿಗೆಯ ವಿಡಿಯೋನೂ ಸಿಗುತ್ತದೆ. ಆದರೂ ಸೊಸೆಗೆ ರೊಟ್ಟಿ ಬಡಿಯುವುದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸುತ್ತೀರಿ.

## ಮಕ್ಕಳು ಕೇಳುವಂಥವು

ಸರ್, ಪದ್ಯ ಬಾಯಿಪಾಠ ಮಾಡ್ಲೇಬೇಕಾ?

ಪರೀಕ್ಷೆಯಲ್ಲಿ 'ಪದ್ಯಭಾಗ ಪೂರ್ಣಗೊಳಿಸಿ' ಅಂತ ಬರುವ ತನಕ ಮಾಡಬೇಕು. ನನ್ನ ಅನಿಸಿಕೆ ಕೇಳಿದರೆ, ನಾಲ್ಕೈದು ಪದ್ಯ ಬಾಯಿಗೆ ಬರುವುದು ಒಳ್ಳೆಯದೇ. ಪುಸ್ತಕದಲ್ಲಿ ಇಂಥದ್ದೇ ಅಂತ ಗೊತ್ತು ಮಾಡುವುದು ಬೇಡ, ನಿಮಗೆ ಹಿಡಿಸಿದ್ದನ್ನು ನೀವೇ ಆರಿಸಿ. ಒಂದು ಹುಡುಗಿ ಬಸವಣ್ಣನವರ ವಚನ ಆರಿಸುತ್ತಾಳೆ, ಇನ್ನೊಬ್ಬ ಭಾವಗೀತೆ ಆರಿಸುತ್ತಾನೆ, ಆಗಲಿ. ಮಾತ್ರೆ ಎಣಿಸಿ ಛಂದಸ್ಸು ಕಲಿಯುವುದಕ್ಕಿಂತ ಬಾಯಲ್ಲಿ ಪದ್ಯ ಹೊರಳಿದರೆ ಲಯ ತಾನೇ ತಿಳಿಯುತ್ತದೆ.

ಗೈಡ್ ಓದಿದ್ರ ಪಾಸ್ ಆಗ್ತೀವಿ. ಪಾಠ ಯಾಕ ಓದ್ಬೇಕು ಸರ್?

ಈ ಪ್ರಶ್ನೆಗೆ ಸಿಟ್ಟು ಬರಬೇಕು, ಬರುವುದಿಲ್ಲ. ಯಾಕೆಂದರೆ ಕೇಳಿದವನ ಮಾತು ನಿಜ.

ಪ್ರಶ್ನೆಪತ್ರಿಕೆಯಲ್ಲಿ 'ಸಂದರ್ಭ ಸಹಿತ ಸ್ವಾರಸ್ಯ ಬರೆಯಿರಿ' ಅಂತ ಇರುತ್ತದೆ. ಒಂದು ವಾಕ್ಯ ಕೊಡುತ್ತಾರೆ. ಮಗು ಮೂರು ಚೂರು ಬರೆಯಬೇಕು. ಆಯ್ಕೆ: ಈ ವಾಕ್ಯವನ್ನು ಇಂಥವರ ಇಂಥ ಪಾಠದಿಂದ ಆರಿಸಲಾಗಿದೆ. ಸಂದರ್ಭ: ಇಂಥವರು ಇಂಥವರಿಗೆ ಈ ಮಾತು ಹೇಳಿದರು. ಸ್ವಾರಸ್ಯ: ಇಲ್ಲಿ ಅವರ ಧೈರ್ಯ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ. ಧೈರ್ಯದ ಜಾಗದಲ್ಲಿ ಪ್ರೀತಿ, ದುಃಖ, ದೇಶಭಕ್ತಿ ಏನು ಹಾಕಿದರೂ ಉತ್ತರ ನಿಲ್ಲುತ್ತದೆ.

ಒಂದು ಸಲ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ನೋಡುತ್ತಿದ್ದೆ. ಒಂದೇ ಸ್ವಾರಸ್ಯ, ಒಂದೇ ಕಾಗುಣಿತದ ತಪ್ಪಿನ ಸಮೇತ, ಪೇಪರಿನಿಂದ ಪೇಪರಿಗೆ ಬರತೊಡಗಿತು. 'ಹೃದಯಸ್ಪರ್ಶಿ' ಅನ್ನುವಲ್ಲಿ 'ಹೃದಯಸ್ಪರ್ಷಿ'. ಯಾರದು ಈ ತಪ್ಪು ಅಂತ ಹುಡುಕಿದರೆ, ನನ್ನದೇ. ನಾನೇ ಬೋರ್ಡಿನ ಮೇಲೆ ಹಾಗೆ ಬರೆದು ನೋಟ್ಸ್ ಕೊಟ್ಟಿದ್ದೆ. ಫಲಿತಾಂಶ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಕೊಡಬೇಕು ಅನ್ನುವ ಹೆದರಿಕೆಯಲ್ಲಿ ಡಿಸೆಂಬರ್ ಬಂದರೆ ಸಾಕು, ನೋಟ್ಸ್ ಬರೆಸಲು ಶುರು ಮಾಡುತ್ತಿದ್ದೆ. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ಕೊಡದೆ ಇರಲು ನನಗೆ ಯಾವ ಮುಖ ಇತ್ತು?

ಅದಕ್ಕೇ ನನ್ನ ಸಲಹೆ ಇದು. ಈಗ ಪ್ರಶ್ನೆಪತ್ರಿಕೆಯಲ್ಲಿ ಅಪಠಿತ ಗದ್ಯ ಇದೆಯಲ್ಲ, ಹಾಗೆ ಹಿಂದೆ ಓದದ ಒಂದು ಪದ್ಯ ಅಥವಾ ಅರ್ಧ ಪುಟದ ಕತೆ ಕೊಡಿ. 'ನಿಮಗೆ ಏನನ್ನಿಸಿತು, ಯಾವ ಸಾಲಿನಿಂದ ಹಾಗನ್ನಿಸಿತು' ಅಂತ ಎರಡೇ ಪ್ರಶ್ನೆ ಕೇಳಿ. ಯಾವ ಗೈಡಿಗೂ ಅದರ ಉತ್ತರ ಮೊದಲೇ ಅಚ್ಚು ಹಾಕಲು ಬರುವುದಿಲ್ಲ. ಕವಿ ಪರಿಚಯದ ಪ್ರಶ್ನೆ ಇದೆಯಲ್ಲ, ಕಾಲ, ಸ್ಥಳ, ಕೃತಿ, ಪ್ರಶಸ್ತಿ, ಅದನ್ನು ತೆಗೆದು ಆ ಅಂಕ ಇದಕ್ಕೆ ಕೊಡಿ. ಕವಿ ಎಲ್ಲಿ ಹುಟ್ಟಿದ ಅಂತ ಹೇಳಲು ಮೊಬೈಲ್ ಸಾಕು.

ನಂಗ ಕತಿ, ಕವನ ಸೇರೂದಿಲ್ಲ. ಗಣಿತ ಸೇರ್ತೈತಿ. ನಂಗ್ಯಾಕ ಒತ್ತಾಯ?

ಗಣಿತ ಸೇರದ ಹುಡುಗಿ ಇದೇ ಮಾತನ್ನು ಗಣಿತದ ಮಾಸ್ತರಿಗೆ ಹೇಳುತ್ತಾಳೆ, ಅವಳಿಗೂ ಬಿಡುವುದಿಲ್ಲ. ಆದರೆ ನಿನ್ನ ಮಾತಿನಲ್ಲಿ ಒಂದು ನ್ಯಾಯ ಇದೆ ತಮ್ಮಾ. ಗಣಿತ ಸೇರದಿದ್ದರೂ ಮಾಡಬಹುದು. ಕವನ ಸೇರದಿದ್ದರೆ ಅದು ಕವನವಾಗಿ ಉಳಿಯುವುದೇ ಇಲ್ಲ. ಹೊಗಳು ಅಂತ ಒತ್ತಾಯ ಮಾಡಬಾರದು. 'ಈ ಪದ್ಯ ನನಗೆ ಸೇರಲಿಲ್ಲ, ಯಾಕೆಂದರೆ…' ಅಂತ ಬರೆದ ಉತ್ತರಕ್ಕೂ ಅಂಕ ಸಿಗಬೇಕು. ನನ್ನ ಆಂತರಿಕ ಅಂಕದಲ್ಲಿ ನಾನು ಕೊಡುತ್ತೇನೆ. 'ಯಾಕೆಂದರೆ' ಆದ ಮೇಲೆ ಎರಡು ಸಾಲಾದರೂ ಇರಬೇಕು, ಅಷ್ಟೇ ಷರತ್ತು.

## ಗಡಿಯ ಕಡೆಯಿಂದ ಬರುವಂಥವು

ನಮ್ಮ ಮನಿ ಮಾತು ಮರಾಠಿ. ನಮಗ ಕನ್ನಡ ಸಾಹಿತ್ಯ ಕಡ್ಡಾಯ ಮಾಡೂದು ಸರೀನಾ?

ಖಾನಾಪುರದ ಕಡೆಯಿಂದ, ನಿಪ್ಪಾಣಿಯಿಂದ ಈ ಪ್ರಶ್ನೆ ಬರುತ್ತದೆ. ಕೇಳುವವರ ಕನ್ನಡ ನನ್ನ ಕನ್ನಡದಷ್ಟೇ ಚೆನ್ನಾಗಿರುತ್ತದೆ, ಅದು ಬೇರೆ ಮಾತು.

ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಸಾಹಿತ್ಯ ಕಡ್ಡಾಯ ಅನ್ನುವುದು ಒಂದು, ಕನ್ನಡ ಕಡ್ಡಾಯ ಅನ್ನುವುದು ಇನ್ನೊಂದು. ಮರಾಠಿ ಮಾಧ್ಯಮದ ಮಗು ಪ್ರಥಮ ಭಾಷೆಯಾಗಿ ಮರಾಠಿ ಓದುತ್ತದೆ. ತುಕಾರಾಮನ ಅಭಂಗ ಅದರ ಪಾಲಿನ ಸಾಹಿತ್ಯ. ಅದನ್ನು ಕಿತ್ತುಕೊಂಡು ವಚನ ಕೊಡಿ ಅಂತ ನಾನು ಹೇಳುವುದಿಲ್ಲ. ಜೊತೆಗೆ ಕನ್ನಡವನ್ನೂ ಕಲಿಯಲಿ, ಇರುವ ರಾಜ್ಯದ ಭಾಷೆ ಅದು. ಆ ಕನ್ನಡದ ಪುಸ್ತಕ ಮಾತ್ರ ಸುಲಭದ್ದಿರಲಿ, ಬೇಸರ ತರಿಸುವಂಥದ್ದು ಬೇಡ. ಎರಡನೇ ಭಾಷೆಯಾಗಿ ಕಲಿಯುವವರಿಗೆ ನೀತಿಪಾಠಗಳನ್ನೇ ತುಂಬಿದರೆ ಆ ಭಾಷೆಯ ಮೇಲೆ ಪ್ರೀತಿ ಹುಟ್ಟುವುದು ಹೇಗೆ? ಎರಡು ನಗೆಯ ಕತೆ ಇಡಿ.

ವಿಜಯಪುರದ ಉರ್ದು ಶಾಲೆಯವರಿಗೂ ಇದೇ ಮಾತು. ಆ ಊರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ದಖನಿ ಉರ್ದುವಿನಲ್ಲಿ ಹಾಡುಗಳನ್ನು ಬರೆದ, ಅವುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಹೊಗಳಿದ. ಗೋಳಗುಮ್ಮಟದ ನೆರಳಿನಲ್ಲಿ ಬೆಳೆಯುವ ಮಗುವಿಗೆ ಅದೂ ಗೊತ್ತಿರಲಿ, ಅದೇ ಊರಿನಿಂದ ಕೂಗಳತೆಯಲ್ಲಿರುವ ತೊರವೆಯಲ್ಲಿ ಕನ್ನಡ ರಾಮಾಯಣ ಹುಟ್ಟಿತು ಅನ್ನುವುದೂ ಗೊತ್ತಿರಲಿ.

ಗೋಕಾಕ ಚಳವಳಿ ಆಗಿ ಇಷ್ಟ ವರ್ಷ ಆತು. ಇನ್ನೂ ಯಾಕ ಇದ ಚರ್ಚೆ?

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಗೋಕಾಕ ಊರಿಗೂ ಗೋಕಾಕ ಚಳವಳಿಗೂ ನೇರ ಸಂಬಂಧ ಇಲ್ಲ. ಹೆಸರು ಬಂದಿದ್ದು ಸಾಹಿತಿ ವಿ.ಕೃ. ಗೋಕಾಕರಿಂದ. ಅವರು ಹುಟ್ಟಿದ್ದು ಈಗಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ನಮ್ಮ ಸ್ಟಾಫ್ ರೂಮಿನಲ್ಲೇ ಇದರ ಮೇಲೆ ಚಹಾದ ಪಂದ್ಯ ನಡೆದಿದೆ.

1980ರಲ್ಲಿ ಅವರ ಸಮಿತಿ ಕೂತಿದ್ದೇ ಪ್ರಥಮ ಭಾಷೆಯ ಪಟ್ಟಿಯಲ್ಲಿ ಸಂಸ್ಕೃತ ಇರಬೇಕೇ ಅನ್ನುವ ಪ್ರಶ್ನೆಗೆ. 1981ರಲ್ಲಿ ವರದಿ ಬಂತು, ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಅಂತ. 1982ರಲ್ಲಿ ರಾಜಕುಮಾರ್ ಬೀದಿಗಿಳಿದ ಮೇಲೆ ಅದು ಜನರ ಚಳವಳಿಯಾಯಿತು. ಮೇಲೆ ಒಬ್ಬರು 125ಕ್ಕೆ 125 ಅಂತ ಕೇಳಿದರಲ್ಲ, ಅದು ಅದೇ 1980ರ ಪ್ರಶ್ನೆ, ಅಂಗಿ ಬದಲಿಸಿಕೊಂಡು ಬಂದಿದೆ.

2014ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಕೆಲವರು ಇಲ್ಲಿ ತರುತ್ತಾರೆ. ಅದು ಮಾಧ್ಯಮದ ಮಾತು. ಪ್ರಾಥಮಿಕ ಶಾಲೆಯಲ್ಲಿ ಇಂಥ ಭಾಷೆಯಲ್ಲೇ ಪಾಠ ಮಾಡಿ ಅಂತ ಸರ್ಕಾರ ಹೇರುವಂತಿಲ್ಲ ಅಂದಿತು. ಒಂದು ಭಾಷೆಯನ್ನು ವಿಷಯವಾಗಿ ಕಲಿಸುವುದು ಬೇರೆ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಎಂಟನೇತ್ತಕ್ಕ ಬಂದ್ರೂ ಕೂಡಿಸಿ ಓದಾಕ ಬರದ ಮಕ್ಕಳಿಗೆ ಎಂಥಾ ಸಾಹಿತ್ಯ?

ಇದನ್ನು ಕೇಳಿದವರು ನಮ್ಮಂಥ ಮಾಸ್ತರರೇ. ಇಂಡಿ ಕಡೆಯವರು. ಅವರ ಕ್ಲಾಸಿನಲ್ಲಿ ಅಪ್ಪ ಅವ್ವನ ಜೊತೆ ಗುಳೆ ಹೋಗಿ ಬರುವ ಮಕ್ಕಳಿದ್ದಾರೆ. ದೀಪಾವಳಿಗೆ ಹೋದರೆ ಬೇಸಿಗೆಗೆ ಬರುವುದು. ಅಂಥ ಮಗುವಿನ ಮುಂದೆ ಷಟ್ಪದಿ ಇಟ್ಟು ಸಾರಾಂಶ ಬರಿ ಅಂದರೆ ಅದು ಶಿಕ್ಷೆ.

ಕಡ್ಡಾಯ ಬೇಡ ಅನ್ನುವವರ ಕೈಯಲ್ಲಿರುವ ಅತಿ ಗಟ್ಟಿ ವಾದ ಇದೇ. ನನ್ನ ಹತ್ತಿರ ಇದಕ್ಕೆ ಅರ್ಧ ಉತ್ತರ ಇದೆ. ಓದಲು ಬರದಿದ್ದರೂ ಆ ಮಗುವಿಗೆ ಸಾಹಿತ್ಯ ಬರುತ್ತದೆ. ಕುಲಗೋಡದ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ರಾತ್ರಿಯಿಡೀ ಕೂತು ನೋಡಿದವರಲ್ಲಿ ಎಷ್ಟು ಜನಕ್ಕೆ ಓದು ಬರುತ್ತಿತ್ತು? ಕೊರವಂಜಿಯ ಮಾತಿಗೆ ಎಲ್ಲಿ ನಗಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅಂಥ ಕ್ಲಾಸಿನಲ್ಲಿ ಮೊದಲ ಎರಡು ತಿಂಗಳು ಮಾಸ್ತರ ಓದಲಿ, ಮಕ್ಕಳು ಕೇಳಲಿ. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ, 'ಐತಿ', 'ಹೋಗ್ಯಾನ' ಅಂತಲೇ ಹೇಳಲಿ. ಆಮೇಲೆ ಹೇಳಿದ್ದನ್ನೇ ಬರೆಯಲಿ. ಅಕ್ಷರ ಕತೆಯ ಬೆನ್ನು ಹತ್ತಿ ಬರುತ್ತದೆ. ಅಕ್ಷರ ಬಂದ ಮೇಲೆ ಕತೆ ಹೇಳೋಣ ಅಂತ ಕಾದರೆ ಹುಡುಗ ಅಷ್ಟರಲ್ಲಿ ಶಾಲೆ ಬಿಟ್ಟಿರುತ್ತಾನೆ.

ಉಳಿದ ಅರ್ಧ ಉತ್ತರ ಶಾಲೆಯ ಕೈಯಲ್ಲಿಲ್ಲ. ಗುಳೆ ಹೋಗದಂತೆ ಊರಲ್ಲೇ ಕೆಲಸ ಸಿಗಬೇಕು.

ಪಿಯುಸಿಗೂ ಬೇಕಾ? ನೀಟ್‌ಗ, ಸಿಇಟಿಗ ಕನ್ನಡದ ಅಂಕ ಹಿಡಿಯೂದಿಲ್ಲಲ್ಲ.

ಹಿಡಿಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅರ್ಧ. ಕನ್ನಡದಲ್ಲಿ ಪಾಸಾದರೆ ಸಾಕು. ಅದಕ್ಕೇ ಕೋಚಿಂಗ್ ಜೊತೆಗಿರುವ ಕೆಲವು ಕಾಲೇಜುಗಳಲ್ಲಿ ಕನ್ನಡದ ಪಿರಿಯಡ್ ವೇಳಾಪಟ್ಟಿಯಲ್ಲಿ ಮಾತ್ರ ಇರುತ್ತದೆ. ನನ್ನ ಅಣ್ಣನ ಮಗಳು ಅಂಥ ಒಂದು ಕಡೆ ಓದಿದಳು, ಹೆಸರು ಬೇಡ. ಕನ್ನಡದ ಪಿರಿಯಡಿನಲ್ಲಿ ಗಣಿತದ ಟೆಸ್ಟ್ ಬರೆಯುತ್ತಿದ್ದರಂತೆ. ಫೆಬ್ರುವರಿಯಲ್ಲಿ ಒಬ್ಬರು ಬಂದು ನಾಲ್ಕು ದಿನದಲ್ಲಿ ಇಡೀ ಪುಸ್ತಕ ಮುಗಿಸಿದರಂತೆ. ಅವಳಿಗೆ 94 ಬಂತು. ಒಂದು ಪಾಠದ ಹೆಸರು ಹೇಳು ಅಂದೆ, ನಕ್ಕಳು.

ಇಷ್ಟಾದ ಮೇಲೂ ಪಿಯುಸಿಗೂ ಬೇಕು ಅಂತಲೇ ನನ್ನ ಮಾತು. ಆದರೆ ಭಾರ ಇಳಿಸಿ. ಸೈನ್ಸಿನವರಿಗೆ ವರ್ಷಕ್ಕೆ ಒಂದು ಸಣ್ಣ ಕಾದಂಬರಿ, ಹತ್ತು ಕವನ ಸಾಕು. ವ್ಯಾಕರಣ ಬೇಡ. 17 ವರ್ಷಕ್ಕೆ ಮನಸ್ಸಿನಲ್ಲಿ ಏನೇನೋ ಏಳುತ್ತಿರುತ್ತದೆ. ದಿನಕ್ಕೆ ಹನ್ನೆರಡು ತಾಸು ಒಂದೇ ರೂಮಿನಲ್ಲಿ ಎಂಸಿಕ್ಯೂ ಬಿಡಿಸುವ ಮಕ್ಕಳಿಗೆ ವಾರಕ್ಕೆ ಮೂರು ತಾಸು ಇನ್ನೊಬ್ಬರ ಬದುಕು ಓದಲು ಸಿಕ್ಕರೆ ಸೀಟು ತಪ್ಪುವುದಿಲ್ಲ. ಬೆಳಗಾವಿಯಲ್ಲಿ ಕೂತಿರುವ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೂಡ ಎಂಜಿನಿಯರಿಂಗ್ ಹುಡುಗರಿಗೆ 'ಸಾಂಸ್ಕೃತಿಕ ಕನ್ನಡ', 'ಬಳಕೆ ಕನ್ನಡ' ಅಂತ ಇಟ್ಟಿದೆ. ಅಲ್ಲಿ ಇಡುವುದಾದರೆ ನಡುವಿನ ಎರಡು ವರ್ಷ ಯಾಕೆ ಖಾಲಿ ಬಿಡಬೇಕು?

ಸರ್ಕಾರ ಬದಲಾದಂಗ ಪಾಠ ಬದಲಾಗ್ತಾವ. ಅಂಥಾದ್ದನ್ನ ಕಡ್ಡಾಯ ಮಾಡಿದ್ರ ಹೆಂಗ?

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 2022ರ ಪಠ್ಯ ಪರಿಷ್ಕರಣೆಯ ಗಲಾಟೆ ಎಲ್ಲರಿಗೂ ನೆನಪಿದೆ. ಕೆಲವು ಲೇಖಕರು ತಮ್ಮ ಬರಹಕ್ಕೆ ಕೊಟ್ಟ ಒಪ್ಪಿಗೆಯನ್ನೇ ವಾಪಸ್ ತಗೊಂಡರು. 2023ರಲ್ಲಿ ಸರ್ಕಾರ ಬದಲಾಯಿತು, ಮತ್ತೆ ಕೆಲವು ಪಾಠ ಹೋದವು, ಕೆಲವು ಬಂದವು. ಪುಸ್ತಕ ಮಕ್ಕಳ ಕೈ ಸೇರಿದ ಮೇಲೆ 'ಇದನ್ನು ಬಿಡಿ, ಇದನ್ನು ಓದಿ' ಅಂತ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು.

ಕಡ್ಡಾಯ ಮಾಡುವ ಅಧಿಕಾರ ಸರ್ಕಾರದ್ದಾದರೆ ಪೂರ್ತಿ ಆರಿಸುವ ಅಧಿಕಾರವೂ ಅದರದ್ದೇ ಆಗಬಾರದು. ಅರ್ಧ ಪುಸ್ತಕ ರಾಜ್ಯಕ್ಕೆಲ್ಲ ಒಂದೇ ಇರಲಿ. ಇನ್ನರ್ಧವನ್ನು ಶಾಲೆ ಆರಿಸಲಿ, ತನ್ನ ಜಿಲ್ಲೆಯಿಂದ. ಬಾಗಲಕೋಟೆ, ಬೆಳಗಾವಿ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಿಗೆ ಇದರಲ್ಲಿ ಬಡತನ ಇಲ್ಲ. ಜ್ಞಾನಪೀಠ ಪಡೆದ ಕಂಬಾರರ ಊರು ಘೋಡಗೇರಿ ಹುಕ್ಕೇರಿ ತಾಲೂಕಿನಲ್ಲಿದೆ. ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು ಗೋಕಾಕದ ನೆಲದವರು.

ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರ ಕತೆಯನ್ನೇ ಒಂದು ಪಾಠ ಮಾಡಬಹುದು. ಮನೆಮನೆ ತಿರುಗಿ ತಾಡೋಲೆ ಕೂಡಿಸಿದರು. 1923ರಲ್ಲಿ ವಚನಗಳ ಸಂಗ್ರಹ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಇದ್ದ ಮನೆ ಮಾರಿ ವಿಜಯಪುರದಲ್ಲಿ ಸ್ವಂತ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಮನೆ ಮಾರಿ ಪ್ರೆಸ್ ಹಾಕಿದ ಮನುಷ್ಯನ ಬಗ್ಗೆ ಹೇಳಿದರೆ ಮಕ್ಕಳು ಮೊದಲು ಕೇಳುವುದು, 'ಮನಿಯವರು ಏನಂದ್ರು ಸರ?' ಅಂತ. ಒಳ್ಳೆಯ ಪ್ರಶ್ನೆ ಅದು. ಪ್ರಬಂಧಕ್ಕೆ ಕೊಟ್ಟುಬಿಡುತ್ತೇನೆ.

ಹಂಗಾದ್ರ ನಿಮ್ಮ ಕ್ಲಾಸಿನ್ಯಾಗ ನೀವು ಏನ್ ಮಾಡ್ತೀರಿ, ಅದನ್ನ ಹೇಳ್ರಿ.

ದೊಡ್ಡದೇನೂ ಇಲ್ಲ. ಶನಿವಾರ ಬೆಳಗಿನ ಶಾಲೆಯಲ್ಲಿ ಒಂದು ಪಿರಿಯಡ್ ಪುಸ್ತಕ ಮುಚ್ಚಿಸುತ್ತೇನೆ. ಪಂಚಾಯಿತಿಯ ಅರಿವು ಕೇಂದ್ರದಿಂದ ಹತ್ತಿಪ್ಪತ್ತು ಪುಸ್ತಕ ತಂದು ಟೇಬಲ್ ಮೇಲೆ ಚೆಲ್ಲುತ್ತೇನೆ. ಯಾರಿಗೆ ಯಾವುದು ಬೇಕೋ ಓದಲಿ. ಹದಿನೈದು ನಿಮಿಷ ಓದಿ ಬೇಸರ ಬಂದರೆ ಬದಲಿಸಿಕೊಳ್ಳಲಿ. ಪ್ರಶ್ನೆ ಇಲ್ಲ, ನೋಟ್ಸ್ ಇಲ್ಲ. ಮೊದಲ ತಿಂಗಳು ಗಲಾಟೆ ಆಗುತ್ತದೆ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಬಂದು ನಿಂತು ಹೋಗುತ್ತಾರೆ.

ಇನ್ನೊಂದು, ಮನೆಯಿಂದ ಹಾಡು ತರಲು ಹೇಳುತ್ತೇನೆ. ಇದನ್ನು ಕಲಿತದ್ದು ಹಲಸಂಗಿಯ ಗೆಳೆಯರಿಂದ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ವಿಜಯಪುರ ಜಿಲ್ಲೆಯ ಆ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುವ ಪದ ಬರೆದುಕೊಂಡರು. 1931ರಲ್ಲಿ ಅದು 'ಗರತಿಯ ಹಾಡು' ಅಂತ ಪುಸ್ತಕವಾಯಿತು.

ಹೋದ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಖಾಲಿ ಕೈಯಲ್ಲಿ ಬಂದಳು. ಅಜ್ಜಿಗೆ ಪದ ಬರುತ್ತವಂತೆ, ಆದರೆ ಬೀಸುಕಲ್ಲಿಲ್ಲದೆ ನೆನಪಿಗೆ ಬರುವುದಿಲ್ಲವಂತೆ. ಬೀಸುಕಲ್ಲು ಹಿತ್ತಲಲ್ಲಿ ಎಮ್ಮೆಯ ಗೂಟದ ಪಕ್ಕ ಬಿದ್ದಿದೆ, ಕಲ್ಲಿನ ಗೂಟ ಕಿತ್ತುಹೋಗಿದೆ. ಮುಂದಿನ ಶನಿವಾರ ಅವಳು ಒಂದು ಉಪಾಯ ಮಾಡಿಕೊಂಡು ಬಂದಳು. ಅಜ್ಜಿಯ ಮುಂದೆ ಹಿಟ್ಟಿನ ಡಬ್ಬಿ ಇಟ್ಟು, ಅದರ ಮುಚ್ಚಳ ತಿರುಗಿಸಲು ಕೊಟ್ಟಳಂತೆ. ಕೈ ತಿರುಗಿದ ಮೇಲೆ ಪದ ಬಂತಂತೆ. ಒಂದಲ್ಲ, ಹನ್ನೊಂದು. ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು.

ಓದು ಅಂದೆ. ಓದಲು ಹೋದರೆ ಅವಳಿಗೂ ತಡವರಿಸಿತು. ಬೆಂಚಿನ ಮೇಲೆ ಬಲಗೈ ಇಟ್ಟು ಬೀಸುವ ಹಾಗೆ ತಿರುಗಿಸತೊಡಗಿದಳು. ಉಳಿದವರೂ ತಿರುಗಿಸಿದರು. ಮೂರು ಸಾಲಿನ ಪದ, ತ್ರಿಪದಿ. ಹನ್ನೊಂದೂ ಮುಗಿದ ಮೇಲೆ ಕೈ ನಿಲ್ಲಿಸಬೇಡಿ ಅಂದು, ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ಸಾಲು ಹೇಳಿದೆ. ಸುಮಾರು ಕ್ರಿ.ಶ. 700ರದ್ದು ಅದು, ಅದೂ ತ್ರಿಪದಿಯೇ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ.' ಕೈ ಅದೇ ಲಯದಲ್ಲಿ ತಿರುಗಿತು. ಹಳಗನ್ನಡಕ್ಕಿಂತಲೂ ಹಿಂದಿನ ಕನ್ನಡ, ಆದರೂ ಒಬ್ಬರೂ ಅರ್ಥ ಕೇಳಲಿಲ್ಲ. ಬೆಲ್ ಹೊಡೆಯಿತು. ಗಣಿತದ ಮಾಸ್ತರ ಬಾಗಿಲಿಗೆ ಬಂದು, ಇಡೀ ಕ್ಲಾಸು ಬೆಂಚು ಒರೆಸುತ್ತಿರುವುದು ಯಾಕೆ ಅಂತ ನನ್ನನ್ನು ಕೇಳಿದರು.